ಸೂರ್ಯನ ಕುದುರೆಗಳ ಒಂದು ಕುಟುಂಬ: ಎಂಪ್ಯುಸಿಡೆ



ಹೊಲದ ಬದುವಿನಲ್ಲಿ, ಬೇಲಿಯ ಗಿಡಗಳಲ್ಲಿ ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಸೂರ್ಯನ ಕುದುರೆಯನ್ನು ಎಲ್ಲರೂ ಕಂಡಿರುತ್ತಾರೆ. ಇದು ಬೆಳೆಯನ್ನು ತಿನ್ನುವುದಿಲ್ಲ; ಇತರ ಕೀಟಗಳನ್ನು ಹಿಡಿದು ತಿನ್ನುತ್ತದೆ. ಆದ್ದರಿಂದ ಇದನ್ನು ರೈತನ ಮಿತ್ರನೆಂದು ಕರೆಯುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದು ಆಯಾ ಕುಟುಂಬದ ಗುಣವನ್ನು ಅರಿತರೆ ತಿಳಿಯುತ್ತದೆ.

ಪ್ರಪಂಚದಲ್ಲಿ ಸೂರ್ಯನ ಕುದುರೆಯ 2,400ಕ್ಕೂ ಹೆಚ್ಚು ಪ್ರಭೇದಗಳಿವೆ. 1758ರಲ್ಲಿ ಲಿನೇಯಸ್ ಇವನ್ನು ಮಿಡತೆಗಳ ಜೊತೆಗೆ ಸೇರಿಸಿದ್ದನು. ವಾಸ್ತವವಾಗಿ ಇವುಗಳ ಹತ್ತಿರದ ಬಂಧುಗಳು ಜಿರಳೆ ಮತ್ತು ಗೆದ್ದಲು.

ಆ ವರ್ಷವೇ ಲಿನೇಯಸ್ ಹೆಸರಿಸಿದ ಒಂದು ಪ್ರಭೇದ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿದೆ. ಇದರ ಇಂದಿನ ಹೆಸರು ಗಾಂಗೈಲಸ್ ಗಾಂಗೈಲೋಡಿಸ್. ಕಡ್ಡಿಯಂಥ ಎದೆ, ಅದರ ತುದಿಯಲ್ಲಿ ಎಲೆಯಂಥ ಅಗಲ, ಕಾಲುಗಳ ಮೇಲೆ ಒಣಗಿದ ಎಲೆಯ ಚೂರುಗಳಂಥ ಹಾಳೆಗಳು ಇದರ ಗುರುತು. ಇದು ಎಂಪ್ಯುಸಿಡೆ ಕುಟುಂಬಕ್ಕೆ ಸೇರಿದೆ. ಮೆಡಿಟರೇನಿಯನ್ ತೀರದ ಎಂಪ್ಯುಸಾ, ಪೂರ್ವ ಆಫ್ರಿಕದ ಇಡೊಲೊಮ್ಯಾಂಟಿಸ್ ಇದರ ಬಂಧುಗಳು.

ಆದರೆ ಎಲೆಯಂತೆ ಕಂಡ ಮಾತ್ರಕ್ಕೆ ಈ ಕುಟುಂಬವೆಂದು ಹೇಳಲಾಗದು. ಆಫ್ರಿಕದ ಫಿಲೊಕ್ರೇನಿಯಾ ಕೂಡ ಒಣ ಎಲೆಯಂತಿದ್ದು, ತಲೆಯ ಮೇಲೆ ಕೊಂಬು ಹೊತ್ತಿದೆ. ಅದು ಹೈಮಿನೊಪೊಡಿಡೆ ಎಂಬ ಬೇರೆ ಕುಟುಂಬದ್ದು. ಮರೆಮಾಚುವ ರೂಪ ಬೇರೆ ಬೇರೆ ಕುಟುಂಬಗಳಲ್ಲಿ ಪ್ರತ್ಯೇಕವಾಗಿ ಬೆಳೆದುಬಂದಿದೆ. ಸರಿಯಾದ ಗುರುತು ಬೇಟೆಯಾಡುವ ಮುಂಗಾಲಿನಲ್ಲಿದೆ. ಎಂಪ್ಯುಸಿಡೆಯಲ್ಲಿ ತೊಡೆಯ ಒಳಅಂಚಿನ ಎರಡು ಉದ್ದ ಮುಳ್ಳುಗಳ ನಡುವೆ ಮೂರು ಗಿಡ್ಡ ಮುಳ್ಳುಗಳಿರುತ್ತವೆ. ಗಂಡಿನ ಮೀಸೆ ಬಾಚಣಿಗೆಯಂತೆ ಎರಡೂ ಕಡೆ ಕವಲೊಡೆದಿರುತ್ತದೆ. 2019ರಲ್ಲಿ ಶ್ವಾರ್ಜ್ ಮತ್ತು ರಾಯ್ ಎಂಬ ತಜ್ಞರು ಇಡೀ ಗಣದ ವರ್ಗೀಕರಣವನ್ನು ಪರಿಷ್ಕರಿಸಿದಾಗಲೂ ಇದು ಪ್ರತ್ಯೇಕ ಕುಟುಂಬವಾಗಿಯೇ ಉಳಿಯಿತು.

ಇದರಿಂದ ರೈತನಿಗೇನು ಪ್ರಯೋಜನ? ಗಾಂಗೈಲಸ್ ಹೆಚ್ಚಾಗಿ ಹಾರುವ ಕೀಟಗಳನ್ನೇ ಹಿಡಿಯುತ್ತದೆ. ಕಾಂಡದೊಳಗಿನ ಕೊರಕ, ಕಾಯಿಯೊಳಗಿನ ಹುಳು ಇದರ ಕೈಗೆ ಸಿಗುವುದಿಲ್ಲ. ನೊಣ, ಪತಂಗಗಳ ಜೊತೆಗೆ ಪರಾಗಸ್ಪರ್ಶ ಮಾಡುವ ಜೇನ್ನೊಣವೂ ಇದಕ್ಕೆ ಆಹಾರವಾಗಬಹುದು. ಶತ್ರು, ಮಿತ್ರ ಎಂಬ ಭೇದ ಇದಕ್ಕಿಲ್ಲ. ಮೇಲಾಗಿ ಅನೇಕ ಸೂರ್ಯನ ಕುದುರೆಗಳು ಒಂದನ್ನೊಂದು ತಿನ್ನುವುದರಿಂದ ಒಂದೆಡೆ ಹೆಚ್ಚು ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇದನ್ನೇ ನಂಬಿ ಬೆಳೆಯ ತಪಾಸಣೆಯನ್ನು ಬಿಡಬಾರದು.

ಹಾಗೆಂದು ಇದನ್ನು ಕೊಲ್ಲುವುದೂ ಸಲ್ಲದು. ಜೇಡ, ಗುಲಗಂಜಿ ಹುಳುಗಳಂತೆ ಇದೂ ಹೊಲದ ಪರಭಕ್ಷಕಗಳಲ್ಲಿ ಒಂದು. ಬದುವಿನ ಪೊದೆ ಸವರುವಾಗ ಕಡ್ಡಿಗೆ ಅಂಟಿದ, ಗಟ್ಟಿಯಾದ ನೊರೆಯಂಥ ಮೊಟ್ಟೆಗೂಡು ಕಂಡರೆ ಆ ಕಡ್ಡಿಯನ್ನು ಹಾಗೆಯೇ ಬಿಡಿರಿ. ಪೀಡೆಯ ಸಂಖ್ಯೆಯನ್ನು ಎಣಿಸಿ, ಅಗತ್ಯವಿದ್ದಾಗ ಮಾತ್ರ ಕೀಟನಾಶಕ ಸಿಂಪಡಿಸಿರಿ.