ಬೆರಳುದ್ದದ ಸರಕು

ಚಿಟಗುಪ್ಪದ ಸೀಮೆಗೆ ರೈಲು ತಡವಾಗಿ ಬಂದ ನೆಂಟ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿಯೇ ಓಡಿತು. ಬೀದರಿನಿಂದ ಹುಮನಾಬಾದನ್ನು ಹಾದು ಕಲಬುರಗಿಗೆ ಹೋಗುವ ಸುಮಾರು 110 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ಉದ್ಘಾಟನೆಗೊಂಡದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯತನಕ ನಮ್ಮ ತೊಗರಿಗೆ, ಬೆಲ್ಲಕ್ಕೆ ಮೊದಲ ವಾಹನ ಎತ್ತಿನ ಗಾಡಿ, ಆಮೇಲಿನದು ಲಾರಿ. ಇಂಥ ಊರಿನಲ್ಲಿ ಕುಳಿತು ಮೇಜಿನ ಮೇಲೊಂದು ಪುಟ್ಟ ರೈಲುಮಾರ್ಗ ಹಾಕುವವರು ಎಂಜಿನ್ನನ್ನು ಕೊಂಡು ತಂದಾರು. ಆದರೆ ಸರಕನ್ನು ತಾವೇ ಮಾಡಬೇಕು ಎಂಬುದು ನನ್ನ ಮಾತು.

ಏಕೆಂದರೆ ನೋಡಿ, ಅಂಗಡಿಯಲ್ಲಿ ದೊರೆಯುವ ಸಿದ್ಧ ಸರಕುಗಳು ಬಹುಪಾಲು ಪರದೇಶದವು. ಮದ್ಯದ ಪೀಪಾಯಿ, ಸೇಬಿನ ಪೆಟ್ಟಿಗೆ, ಪೈನ್ ಮರದ ದಿಮ್ಮಿ. ಇವನ್ನು ಇಳಿಸಿದ ಮರುಗಳಿಗೆಯೇ ನಿಮ್ಮ ಹುಮನಾಬಾದ್ ನಿಲ್ದಾಣ ಜರ್ಮನಿಯ ಯಾವುದೋ ಹಳ್ಳಿಯಾಗಿಬಿಡುತ್ತದೆ. ಫಲಕದ ಮೇಲೆ ಕನ್ನಡ ಅಕ್ಷರ ಬರೆದ ಮಾತ್ರಕ್ಕೆ ಊರು ನಮ್ಮದಾಗದು. ಪ್ಲಾಟ್‌ಫಾರಂ ಮೇಲೆ ತೊಗರಿಯ ಚೀಲ, ಶಹಾಬಾದಿನ ಹಾಸುಗಲ್ಲು, ಹೊರಗೆ ಕಬ್ಬಿನ ಗಾಡಿ ನಿಂತರೆ ಫಲಕವೇ ಬೇಡ.

ಮೊದಲು ಅಳತೆಯ ಮಾತು. ಹೆಚ್ಚು ಬಳಕೆಯಲ್ಲಿರುವ ಮಾದರಿಗೆ ಎಚ್‌ಓ ಎಂದು ಹೆಸರು. ನಿಜವಾದ ವಸ್ತುವಿನ 87ನೆಯ ಒಂದು ಪಾಲು. ಹತ್ತು ಮೀಟರು ಏಳುನೂರು ಮಿಲಿಮೀಟರಿನ ತೆರೆದ ವ್ಯಾಗನ್ನು ಇಲ್ಲಿ 12 ಸೆಂಟಿಮೀಟರಿಗಿಂತ ತುಸು ಹೆಚ್ಚು. ಐದೂವರೆ ಅಡಿಯ ಹಮಾಲನ ಎತ್ತರ 19 ಮಿಲಿಮೀಟರು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರು ಅಗಲವಾದ್ದರಿಂದ ಲೆಕ್ಕಕ್ಕೆ 19 ಮಿಲಿಮೀಟರಿಗೂ ಮಿಗಿಲಾದ ಹಳಿ ಬೇಕು. ಪೇಟೆಯ ಎಚ್‌ಓ ಹಳಿ 16.5ರದು, ಅದು ಯೂರೋಪಿನ ಹಳಿಯ ಲೆಕ್ಕ. ಈ ಕೊರತೆಯನ್ನು ಬಹಳ ಜನ ಹವ್ಯಾಸಿಗಳು ಸಹಿಸಿಕೊಂಡಿದ್ದಾರೆ. ಸರಕಿನಲ್ಲಿ ಮಾತ್ರ ಅಂಥ ರಾಜಿ ಬೇಕಾಗಿಲ್ಲ, ಅದು ನಮ್ಮ ಕೈಯಲ್ಲೇ ಇದೆ.

ಅಳತೆ ತಪ್ಪಿದರೆ ಆಗುವ ತಮಾಷೆ ಕೇಳಿ. ತೊಗರಿಯ ಚೀಲವೆಂದ ಮೇಲೆ ತೊಗರಿಯನ್ನೇ ಹಾಕೋಣವೆಂದು ಒಂದು ಕಾಳನ್ನು ವ್ಯಾಗನ್ನಿನಲ್ಲಿಟ್ಟರೆ, ಅದು ಅಲ್ಲಿ ಒಂದೂವರೆ ಅಡಿಯ ಕುಂಬಳಕಾಯಿ! ಅರ್ಧ ಮಿಲಿಮೀಟರಿನ ರವೆಯ ಕಣವೂ ನಿಂಬೆಹಣ್ಣಿನ ಗಾತ್ರಕ್ಕೆ ಏರುತ್ತದೆ. ಗೋಣಿಯ ಬಟ್ಟೆಯದೂ ಇದೇ ಕಥೆ: ಅದರ ನೇಯ್ಗೆ ಮೀನಿನ ಬಲೆಯಂತೆ ಕಾಣುತ್ತದೆ. ಆದ್ದರಿಂದ ಚೀಲವನ್ನು ಮರದಲ್ಲಿಯೇ ಕೆತ್ತಬೇಕು. ತುಂಬಿದ ಚೀಲದ ಉದ್ದ 90 ಸೆಂಟಿಮೀಟರೆಂದು ಹಿಡಿದರೆ ಮಾದರಿಯದು ಹತ್ತು ಮಿಲಿಮೀಟರು ಚಿಲ್ಲರೆ. ಕಡ್ಡಿಯನ್ನು ಆ ಉದ್ದಕ್ಕೆ ಕೊಯ್ದು, ಅಂಚುಗಳನ್ನು ಮರಳು ಕಾಗದದಿಂದ ದುಂಡಗೆ ಮಾಡಿ, ಹೊಲಿಗೆಯ ಕಡೆಯ ಎರಡು ಮೂಲೆಗಳಲ್ಲಿ ಕಿವಿಗಳನ್ನು ಉಳಿಸಿಕೊಳ್ಳಿ. ಆ ಕಿವಿಗಳಿಂದಲೇ ಅದು ಚೀಲ, ಇಲ್ಲವಾದರೆ ಸೋಪು. ಇನ್ನೊಂದು: ತುಂಬಿದ ಚೀಲದ ನಡು ತುಸು ಕುಸಿದಿರುತ್ತದೆ, ಒಂದರ ಮೇಲೊಂದು ಪೇರಿಸಿದಾಗ ಕೆಳಗಿನದು ಇನ್ನೂ ಚಪ್ಪಟೆ. ಇದನ್ನು ಕಣ್ಣಾರೆ ನೋಡಲು ಯಾವುದಾದರೂ ಅಡತಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು.

ಯಾವ ಮರ? ಸಾಗುವಾನಿಗೆ ಮನೆ ಕಟ್ಟುವಲ್ಲಿ ಎಷ್ಟೇ ಮಾನವಿರಲಿ, ಇಲ್ಲಿ ಬೇಡ. ಅದರ ರಂಧ್ರ ದೊಡ್ಡದು. ಕಾಲು ಮಿಲಿಮೀಟರಿನ ರಂಧ್ರ ಮಾದರಿಯ ಲೆಕ್ಕದಲ್ಲಿ ಎರಡು ಸೆಂಟಿಮೀಟರಿನ ತೂತು. ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆ ಮರ, ಹಾಲೆಯೆಂದೂ ಹೇಳುತ್ತಾರೆ, ಬಿಳಿಯ ಬಣ್ಣದ, ನಯವಾದ ಎಳೆಯ ಮರ. ಅದರಷ್ಟು ಹೇಳಿ ಮಾಡಿಸಿದ್ದು ಇನ್ನೊಂದಿಲ್ಲ. ಅಲ್ಲಿನವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಹರಡುತ್ತದೆ. ಅವರ ರೈಲುಬೊಂಬೆ ಮಕ್ಕಳ ಕೈಗೆ ಚೆಂದ, ಆದರೆ ಆ ಹೊಳಪು ನಮ್ಮ ಕೆಲಸಕ್ಕೆ ಶತ್ರು. ಅವರಿಂದ ನಾವು ಕಲಿಯಬೇಕಾದದ್ದು ತಿರುಗಿಸುವ ವಿದ್ಯೆ. ಕೈಡ್ರಿಲ್ಲಿನ ಬಾಯಿಗೆ ಏಳು ಮಿಲಿಮೀಟರಿಗೆ ಹತ್ತಿರದ ಕಡ್ಡಿಯನ್ನು ಸಿಕ್ಕಿಸಿ, ಒಬ್ಬರು ತಿರುವುತ್ತ ಇನ್ನೊಬ್ಬರು ಮರಳು ಕಾಗದ ಹಿಡಿದರೆ 200 ಲೀಟರಿನ ಎಣ್ಣೆಯ ಡ್ರಮ್ಮು ಸಿದ್ಧ. ಎತ್ತರ ಹತ್ತು ಮಿಲಿಮೀಟರು. ಸೂಜಿಯಿಂದ ಎರಡು ಗೀರು ಎಳೆದರೆ ಉಂಗುರಗಳೂ ಬಂದವು.

ಆಲೆ ಸಿಗದಿದ್ದರೆ ಬೆಂಕಿಕಡ್ಡಿ ಸಾಕು. ತಲೆ ಕತ್ತರಿಸಿದ ಎರಡು ಮಿಲಿಮೀಟರಿನ ಕಡ್ಡಿ, ಮಾದರಿಯಲ್ಲಿ ಹದಿನೇಳು ಸೆಂಟಿಮೀಟರಿನ ತೊಲೆ. ಪೆಟ್ಟಿಗೆಯನ್ನು ಪೊಳ್ಳಾಗಿ ಕಟ್ಟುವ ಶ್ರಮ ಬೇಡ. ಒಳಗೊಂದು ಮರದ ತುಂಡಿಟ್ಟು ಮೇಲೆ ತೆಳುಪಟ್ಟಿಗಳನ್ನು ಅಂಟಿಸಿ. ಶಹಾಬಾದ್ ಕಲ್ಲಿಗೆ ಏಳು ಮಿಲಿಮೀಟರಿನ ಚೌಕದ ಕಾರ್ಡು, ಬೂದು ಬಣ್ಣ ಹಚ್ಚಿ, ಎರಡೆರಡಾಗಿ ನಿಲ್ಲಿಸಿ ಒರಗಿಸಿದರೆ ಆಯಿತು. ಕಬ್ಬಿಗೆ ಹುಲ್ಲುಪೊರಕೆಯ ತುದಿಯ ಎಳೆ.

ಹೊಸ ಮರದ ಹಳದಿಯನ್ನು ಕಳೆಯುವುದು ಹೇಗೆಂದು ಕೇಳುತ್ತೀರಿ. ಗಟ್ಟಿ ಚಹಾದ ಕಷಾಯವನ್ನು ಹಚ್ಚಿ ಒಣಗಿಸಿ. ಆಮೇಲೆ ತುಕ್ಕು ಮೊಳೆಗಳನ್ನು ಕೆಲವು ದಿನ ನೆನೆಸಿಟ್ಟ ವಿನಿಗರನ್ನು ಸವರಿ. ಚಹಾದ ಒಗರೂ ಕಬ್ಬಿಣವೂ ಸೇರಿ ಮರ ಬೂದು-ಕಪ್ಪಿಗೆ ತಿರುಗುತ್ತದೆ, ಎಷ್ಟೋ ಮಳೆಗಾಲ ಕಂಡ ಹಲಗೆಯಂತೆ. ಸರಕಿನ ಅಡಿಯಲ್ಲಿ ಕಬ್ಬಿಣದ ವಾಷರೊಂದನ್ನು ಹುದುಗಿಸಿದರೆ ಅಯಸ್ಕಾಂತದಿಂದ ಎತ್ತಬಹುದು; ಭಾರ ಮೇಲಕ್ಕೆ ಬರದಂತೆ ನೋಡಿಕೊಳ್ಳಿ, ತಿರುವಿನಲ್ಲಿ ವ್ಯಾಗನ್ನು ಹಳಿ ತಪ್ಪುತ್ತದೆ. ಚಾಕು ಹಿಡಿಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಡಿ. ಅಂಟು, ಬಣ್ಣ, ಅಳತೆ ಅವರ ಪಾಲು.

ಅಳತೆಯ ಕೆಲಸವನ್ನು ಮಾತ್ರ ಮುಂದೂಡಬೇಡಿ. ನಾಲ್ಕು ಚಕ್ರದ ಹಳೆಯ ಮುಚ್ಚಿದ ವ್ಯಾಗನ್ನುಗಳು ರೈಲ್ವೆಯ ಓಡಾಟದಿಂದ ಮರೆಯಾದವು. ಮರದ ಸ್ಲೀಪರಿನ ಜಾಗಕ್ಕೆ ಕಾಂಕ್ರೀಟು ಬಂದಿತು. ನೂರು ಕಿಲೋ ಚೀಲ ಐವತ್ತಕ್ಕೆ ಇಳಿಯಿತು. ಮರದ ಚಕ್ರದ ಗಾಡಿಗೆ ರಬ್ಬರ್ ಟೈರು ಬಂದ ಮೇಲೆ ಹಳೆಯ ಚಕ್ರಗಳು ಹಿತ್ತಿಲಲ್ಲಿ ಗೆದ್ದಲಿಗೆ ಆಹಾರ. ಈ ವಸ್ತುಗಳ ಚಿತ್ರ ಅಲ್ಲಲ್ಲಿ ಸಿಕ್ಕೀತು, ಅರೆಗಳೆಷ್ಟು, ಗುಂಬ ಎಷ್ಟು ದಪ್ಪ, ಅಚ್ಚು ಎಷ್ಟು ಉದ್ದ ಎಂಬುದು ಚಿತ್ರದಲ್ಲಿ ಬಾರದು. ನಿಮ್ಮ ಮನೆಯ ಹಿರಿಯರಿಗೆ ಅವು ಬಾಯಿಪಾಠ. ಒಂದು ಟೇಪು, ಒಂದು ಪುಸ್ತಕ ಹಿಡಿದು ಹೊರಡಿ. ಒಂದೂವರೆ ಮೀಟರಿನ ಚಕ್ರ ಸಿಕ್ಕರೆ ಮಾದರಿಗೆ 17 ಮಿಲಿಮೀಟರೆಂದು ಪಕ್ಕದಲ್ಲೇ ಬರೆದುಕೊಳ್ಳಿ. ಊರಿನ ಹೆಸರನ್ನೂ ತಾರೀಖನ್ನೂ ಅದೇ ಪುಟದಲ್ಲಿ ಬರೆಯಿರಿ.