ಕಂಪ್ಯೂಟರ್ ತರಗತಿಯಲ್ಲಿ ಪತ್ರಿಕೆ ಏಕೆ?

(ಹೊಸೂರಿನಲ್ಲಿ ತಂದೆತಾಯಂದಿರ ಕೂಟದಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಕಂಪ್ಯೂಟರ್ ಕಲಿಯಲು ಕಳಿಸಿದರೆ ಪೇಪರ್ ಓದಿಸುತ್ತಾರಂತೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಟೈಪಿಂಗ್ ಬಂದರೆ ತಾನೇ ನಾಳೆ ಸಿಪ್ಕಾಟ್‌ನಲ್ಲೋ ಬೆಂಗಳೂರಿನಲ್ಲೋ ಒಂದು ಕೆಲಸ? ಅದನ್ನೂ ಕಲಿಸುತ್ತೇವೆ. ಆದರೆ ಮೊದಲ ವಾರ ಸುದ್ದಿ ಓದಿಸಿ ಮಾತಾಡಿಸುವುದಕ್ಕೆ ಕಾರಣವಿದೆ.

ಪಾಠದ ಆರಂಭದಲ್ಲೇ ಆಲ್ಗಾರಿದಮ್ ಎಂಬ ಪದ ಬರುತ್ತದೆ. ಒಂದು ಕೆಲಸವನ್ನು ಯಾವ ಕ್ರಮದಲ್ಲಿ, ಯಾವ ನಿಯಮದಿಂದ ಮಾಡಬೇಕೆಂದು ಮೊದಲೇ ಬರೆದಿಟ್ಟದ್ದು, ಅಷ್ಟೇ. ಟೀ ಕಾಯಿಸುವ ಉದಾಹರಣೆ ಹೇಳಿದರೆ ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ತೆಲಂಗಾಣದ ಸುದ್ದಿ ಓದಿದವರು ಮರೆಯುವುದಿಲ್ಲ.

ಅಲ್ಲಿ 2014ರ ನಂತರದ ವರ್ಷಗಳಲ್ಲಿ ಸುಮಾರು 19 ಲಕ್ಷ ರೇಷನ್ ಕಾರ್ಡುಗಳು ರದ್ದಾದವು. 'ಸಮಗ್ರ ವೇದಿಕೆ' ಎಂಬ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ತಾಳೆ ನೋಡಿ, ಇವರಿಗೆ ಕಾರಿದೆ, ಇವರಿಗೆ ಆಸ್ತಿಯಿದೆ ಎಂದು ಗುರುತಿಸುತ್ತದೆ. ರಿಕ್ಷಾ ತುಳಿಯುವ ಒಬ್ಬರ ಹೆಸರು ಕಾರಿನ ಮಾಲೀಕರೊಬ್ಬರ ಹೆಸರನ್ನು ಹೋಲಿತು; ಆ ಬಡ ಮನೆಯ ಕಾರ್ಡ್ ಹೋಯಿತು. ರದ್ದಾದ ಕಾರ್ಡುಗಳನ್ನು ಮತ್ತೆ ಮನೆ ಮನೆಗೆ ಹೋಗಿ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು.

ಇದನ್ನು ಓದಿದ ಮೇಲೆ ಬೋರ್ಡಿನ ಮೇಲೆ ಒಂದೇ ಸಾಲು ಬರೆಯುತ್ತೇವೆ: 'ಹೆಸರಿನಲ್ಲಿ ಕಾರಿದ್ದರೆ ಕಾರ್ಡ್ ಇಲ್ಲ.' ಇದರಲ್ಲಿ ತೂತು ಎಲ್ಲಿದೆ, ಹುಡುಕಿ ಎನ್ನುತ್ತೇವೆ. ಕಾರು ಮಾರಿದ ಮೇಲೂ ಹೆಸರು ಬದಲಾಗದಿದ್ದರೆ? ಧಣಿ ತನ್ನ ಕಾರನ್ನು ಡ್ರೈವರ್ ಹೆಸರಿನಲ್ಲಿ ಇಟ್ಟಿದ್ದರೆ? ನಮ್ಮ ಲೈನಿನಲ್ಲೇ ಎಷ್ಟು ಮಂದಿ ಮುನಿಯಮ್ಮಂದಿರು! ಅದೇ ಹೆಸರು ತಮಿಳಿನಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹಾಗಾದರೆ ಎಷ್ಟು ಅಕ್ಷರ ಹೊಂದಿದರೆ ಇಬ್ಬರೂ ಒಬ್ಬರೇ ಎನ್ನಬಹುದು? ಕಡಿಮೆ ಸಾಕೆಂದರೆ ಬೇರೆಯವರೂ ಸಿಕ್ಕಿಬೀಳುತ್ತಾರೆ; ಎಲ್ಲವೂ ಹೊಂದಬೇಕೆಂದರೆ ನಿಜವಾದ ಕಾರಿನವನು ತಪ್ಪಿಸಿಕೊಳ್ಳುತ್ತಾನೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಂತ್ರ ತಾನಾಗಿ ಹೇಳದು, ಯಾರೋ ಕುಳಿತು ತೀರ್ಮಾನಿಸಬೇಕು. ಇಷ್ಟು ತಿಳಿದರೆ ಪ್ರೋಗ್ರಾಮ್ ಬರೆಯುವ ಪಾಠದಲ್ಲಿ ಅರ್ಧ ಬಂದ ಹಾಗೆ.

ಶಾಲೆಯ ಮಕ್ಕಳಿಗೆ ಇಂಗ್ಲೆಂಡಿನ ಸುದ್ದಿಯೂ ನಾಟುತ್ತದೆ. ಕೊರೋನಾದಿಂದ 2020ರಲ್ಲಿ ಅಲ್ಲಿ ಪರೀಕ್ಷೆ ನಡೆಯಲಿಲ್ಲ. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿದು ಕಂಪ್ಯೂಟರ್ ದರ್ಜೆ ಕೊಟ್ಟಿತು; ಶಿಕ್ಷಕರು ಅಂದಾಜಿಸಿದ್ದ ದರ್ಜೆಗಳಲ್ಲಿ ಸುಮಾರು ನೂರಕ್ಕೆ 40 ಇಳಿದವು. ಮಕ್ಕಳು ಬೀದಿಗೆ ಬಂದರು, ಆಗಸ್ಟ್ 17ರಂದು ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮ ಹಳ್ಳಿ ಶಾಲೆಗೆ ಹಾಗೆ ಮಾಡಿದ್ದರೆ ಎಂದು ಕೇಳಿ ನೋಡಿ, ಸುಮ್ಮನೆ ಕೂರುವ ಮಗು ಕೂಡ ಬಾಯಿ ಬಿಡುತ್ತದೆ.

ನಿಮ್ಮಿಂದ ಒಂದು ಸಹಾಯ ಬೇಕು. ಈ ವಾರ ಮಕ್ಕಳು ಮನೆಯ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ ಕೇಳುತ್ತಾರೆ. ತರಗತಿಗೆ ಕಳಿಸಬೇಡಿ, ನಂಬರನ್ನೂ ಬರೆದುಕೊಡಬೇಡಿ. ಮನೆಯಲ್ಲೇ ಜೊತೆಗೆ ಕುಳಿತು ಹೆಸರು ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಓದಿಸಿರಿ. ಮುಂದಿನ ವಾರದ ಸುದ್ದಿ ಕರ್ನಾಟಕದ 2025ರ ಕಾನೂನು: ಸಾಮಾನು ತಲುಪಿಸುವ ಹುಡುಗರಿಗೆ ಅವರ ಕೆಲಸವನ್ನೂ ಸಂಪಾದನೆಯನ್ನೂ ಕಂಪ್ಯೂಟರ್ ಹೇಗೆ ನಿರ್ಧರಿಸುತ್ತದೆಂದು ಕಂಪನಿ ತಿಳಿಸಬೇಕು ಎನ್ನುತ್ತದೆ ಅದು. ಬೆಂಗಳೂರಿನಲ್ಲಿ ಆ ಕೆಲಸಕ್ಕಿರುವ ಮಗನೋ ತಮ್ಮನೋ ಊರಿಗೆ ಬಂದಿದ್ದರೆ, ತರಗತಿಗೆ ಕರೆತನ್ನಿ.