ತಕ್ಕಡಿ ತಂದಿದ್ದೀರಾ?

ವೀಕ್ಷಕರೇ, ಅಡುಗೆ ಅನಿಲದ ಸಿಲಿಂಡರು ಮನೆಗೆ ಬಂದಾಗ ನಾವು ಸೀಲು ನೋಡಿ, ಹಣ ಕೊಟ್ಟು, ಒಳಗಿಟ್ಟುಕೊಳ್ಳುತ್ತೇವೆ. ಸೀಲು ಇದ್ದ ಮಾತ್ರಕ್ಕೆ ತೂಕ ಸರಿಯಿದೆ ಎಂದಾಗಲಿಲ್ಲ. ಅನಿಲ ತುಂಬುವ ಘಟಕದಲ್ಲಿ ಪರೀಕ್ಷೆ ನಡೆಯುತ್ತದೆ, ನಿಜ. ಆದರೆ ಆಮೇಲೆ ಲಾರಿ, ಗೋದಾಮು, ಆಟೋ ಎಂದು ಕೈಯಿಂದ ಕೈಗೆ ಸಾಗುವ ಈ ವಸ್ತುವಿಗೆ ಕಡೆಯ ಪರೀಕ್ಷೆ ನಡೆಯಬೇಕಾದದ್ದು ನಮ್ಮ ಹೊಸ್ತಿಲಲ್ಲೇ.

ಗೃಹಬಳಕೆಯ ದೊಡ್ಡ ಸಿಲಿಂಡರಿನಲ್ಲಿ ಇರಬೇಕಾದ ಅನಿಲ 14.2 ಕಿಲೋಗ್ರಾಂ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದು 15.3 ಎಂದಿದ್ದರೆ ತಕ್ಕಡಿ 29.5ರ ಆಸುಪಾಸು ತೋರಿಸಬೇಕು. ತಕ್ಕಡಿ ತರುವುದು ವಿತರಕರ ಕರ್ತವ್ಯ, ಉಪಕಾರವಲ್ಲ. ಹಾಗೆಂದು ಮೂರು ಮಹಡಿ ಹೊತ್ತು ತಂದವರನ್ನು ಕಳ್ಳರಂತೆ ಕಾಣಬೇಕಾಗಿಲ್ಲ. ‘ತೂಗಿ ಕೊಡಿ’ ಎಂದರೆ ಸಾಕು.

ಹಿಡಿಯ ಕೆಳಗಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದು, ಪಕ್ಕದಲ್ಲಿ ವರ್ಷ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಲು ಅದೇ ಗಡುವು. ದಾಟಿದ್ದರೆ ಹಿಂದಿರುಗಿಸಿ. ಸೀಲು ತೆಗೆಸಿ, ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಡಿಸಿ. ಗುಳ್ಳೆ ಎದ್ದರೆ ಸೋರುತ್ತಿದೆಯೆಂದೇ ಅರ್ಥ, ಆ ಸಿಲಿಂಡರು ಬೇಡ. ತಂದವರು ಹೋದ ಮೇಲೆ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ದೂರವಾಣಿ ಮಾಡಿ. ಅದು ಹಗಲೂ ರಾತ್ರಿಯೂ ಇರುತ್ತದೆ.